ಕಲ್ಲುತೊಟ್ಟಿ ಯಾರದು ಅಂತ ಫೋನನ್ನು ಕೇಳಿದ್ದು

ನನ್ನ ಮೊಮ್ಮಗಳ ವಿಷಯ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ. ಹಾಲಿನವನಿಗೂ ಹೇಳಿದ್ದೇನೆ, ಗ್ಯಾಸಿನವನಿಗೂ ಹೇಳಿದ್ದೇನೆ. ಒಂದು ಸಲ ರಾಂಗ್ ನಂಬರ್ ಬಂದ ಯಾವುದೋ ಹೆಂಗಸಿಗೂ ಹೇಳಿದೆ. ಪಾಪ, ಆಕೆ ಪೂರ್ತಿ ಕೇಳಿಸಿಕೊಂಡು, ಮಗು ಚೆನ್ನಾಗಿರಲಿ ಅಂತ ಹರಸಿ ಫೋನಿಟ್ಟಳು. ಹತ್ತು ವರ್ಷದ ಹುಡುಗಿ. ಆಕ್ಟೋಪಸ್ಸಿಗೆ ಮೂರು ಹೃದಯ ಅಂತ ಅವಳಿಗೆ ಗೊತ್ತು. ಜೇನುಹುಳಕ್ಕೆ ಐದು ಕಣ್ಣು ಅಂತ ಗೊತ್ತು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನನ್ನ ವಂಶದಲ್ಲಿ ಇಂಥದೊಂದು ಹುಟ್ಟಿತಲ್ಲ ಅಂತ ಅವಳು ಯೂನಿಫಾರಂ ಹಾಕಿಕೊಂಡು ಗೇಟು ದಾಟುವಾಗ ದಿನಾ ಎದೆ ತುಂಬಿ ಬರುತ್ತದೆ.

ಆದರೆ ಇದನ್ನು ಬರೆಯುತ್ತಿರುವುದು ಅವಳನ್ನು ಹೊಗಳುವುದಕ್ಕಲ್ಲ. ಹೀಗೆ ತುಂಬಿ ಬಂದ ಒಂದು ಹೊತ್ತಿನಲ್ಲಿ ನಾನು ಒಂದು ಕೆಲಸ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಯಜಮಾನರ ತಾತ ಪೇಟೆಯಿಂದ ಬಂದು ಬೆಲ್ಲ, ಎಣ್ಣೆ ವ್ಯಾಪಾರಕ್ಕೆ ಕಟ್ಟಿಸಿದ್ದು. ಈಗ ಅದರಲ್ಲಿ ನನ್ನ ಮಗ ಎಲೆಕ್ಟ್ರಿಕ್ ಸಾಮಾನು ಮಾರುತ್ತಾನೆ. ಸೊಸೆ ಬ್ಯಾಂಕಿಗೆ ಹೋಗುತ್ತಾಳೆ. ನಾನು ಮಧ್ಯಾಹ್ನ ಊಟವಾದ ಮೇಲೆ ವೆರಾಂಡದಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಮೊಮ್ಮಗಳು ಸ್ಕೂಲಿನಿಂದ ಬಂದವಳೇ ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತರೆ ಸಂಜೆ ದೀಪ ಹಚ್ಚುವವರೆಗೂ ಏಳುವುದಿಲ್ಲ. ನನ್ನ ಎರಡೂ ಕೈ ರೇಷ್ಮೆ ದಾರದಲ್ಲಿ ಸಿಕ್ಕಿಕೊಂಡಿರುತ್ತವೆ, ಅವಳ ಎರಡೂ ಕೈ ಫೋನಿನಲ್ಲಿ.

ಅವಳಿಗೆ ರಸಪ್ರಶ್ನೆಯ ಹುಚ್ಚು. ಫೋನಿನಲ್ಲಿ ಹುಡುಕುವ ಜಾಗ ಒಂದೇ ಅಂತ ನಾನು ತಿಳಿದಿದ್ದೆ. ಒಂದಲ್ಲ, ಬೇಕಾದಷ್ಟಿವೆ ಅಂತ ಅವಳು ಮೂರನ್ನು ತೆರೆದು ತೋರಿಸಿದಳು. ಒಂದೇ ಕಡೆ ನೋಡಿ ಉತ್ತರ ಬರೆದುಕೊಳ್ಳಬೇಡಿ ಅಂತ ಅವಳ ಸ್ಕೂಲಿನ ಮಿಸ್ ಹೇಳಿದ್ದರಂತೆ. ಅದಕ್ಕೆ ಅವಳೇ ಒಂದು ಕಾನೂನು ಮಾಡಿಕೊಂಡಿದ್ದಳು. ಒಂದು ಪ್ರಶ್ನೆಯನ್ನು ಮೂರು ಕಡೆ ಕೇಳಬೇಕು. ಕಡೇಪಕ್ಷ ಎರಡು ಕಡೆ ಒಂದೇ ಉತ್ತರ ಬಂದರೆ ನೋಟ್‌ಬುಕ್ಕಿನಲ್ಲಿ ಟಿಕ್, ಇಲ್ಲದಿದ್ದರೆ ಸೊನ್ನೆ. ಬಾಯಲ್ಲಿ ಕೇಳಿದರೂ ಫೋನು ಕೇಳಿಸಿಕೊಳ್ಳುತ್ತದೆ, ಉತ್ತರವನ್ನು ಓದಿಯೂ ಹೇಳುತ್ತದೆ ಅಂತ ಗೊತ್ತಾದ ದಿನದಿಂದ ನಾನೂ ಆ ಆಟಕ್ಕೆ ಸೇರಿಕೊಂಡೆ. ಫೋನಿನ ಸಣ್ಣ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ನನಗೆ ಕಣ್ಣು ನೀರಾಡುತ್ತದೆ. ಬಾಯಿಗೆ ಮಾತ್ರ ಯಾವತ್ತೂ ಸುಸ್ತಾಗಿಲ್ಲ.

ಕೆಲವು ವಾರ ಕಳೆದ ಮೇಲೆ ಮೂರರ ಗುಣವೂ ನನಗೆ ತಿಳಿಯಿತು. ಒಂದು, ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಮೇಲೆ ದಪ್ಪಕ್ಷರದಲ್ಲಿ ಉತ್ತರ ಕೊಟ್ಟುಬಿಡುವುದು. ಅದನ್ನು ಆತುರದಮ್ಮ ಅಂತ ಕರೆದೆ. ಇನ್ನೊಂದು, ಏನು ಕೇಳಿದರೂ ಮೊದಲು ನಾಲ್ಕು ಸಾಮಾನು ಮಾರಾಟಕ್ಕೆ ತೋರಿಸಿ ಆಮೇಲೆ ವಿಷಯಕ್ಕೆ ಬರುವುದು. ಅದು ಅಂಗಡಿಯಣ್ಣ. ಮೂರನೆಯದು ತಾನಾಗಿ ಏನೂ ಹೇಳುವುದಿಲ್ಲ. ಇಲ್ಲಿ ಇಲ್ಲಿ ಬರೆದಿದೆ, ನೀವೇ ಓದಿಕೊಳ್ಳಿ ಅಂತ ಪಟ್ಟಿ ಕೊಟ್ಟು ಸುಮ್ಮನಾಗುವುದು. ಅದು ಸಂಕೋಚದಕ್ಕ. ಈ ಹೆಸರುಗಳನ್ನು ಮೊಮ್ಮಗಳು ಸ್ಕೂಲಿನಲ್ಲಿ ಹೇಳಿ, ಕ್ಲಾಸಿಗೆ ಕ್ಲಾಸೇ ಈಗ ಹಾಗೇ ಕರೆಯುತ್ತದಂತೆ. ಅವತ್ತು ನಾನು ಎರಡು ಸೀರೆಯ ಕುಚ್ಚನ್ನು ಕೂತಲ್ಲೇ ಕಟ್ಟಿ ಮುಗಿಸಿದೆ, ಅಷ್ಟು ಖುಷಿ.

ಯಾವುದನ್ನು ಎಷ್ಟು ನಂಬಬೇಕು ಅಂತ ನೋಡುವುದಕ್ಕೆ ಉಪಾಯ ಹೇಳಿದ್ದೂ ನಾನೇ. ನಮ್ಮ ಅಂಗಡಿಗೆ ಹೊಸ ತಕ್ಕಡಿ ಬಂದರೆ ಮಾವನವರು ಮೊದಲು ಗೊತ್ತಿರುವ ತೂಕವನ್ನೇ ಇಟ್ಟು ನೋಡುತ್ತಿದ್ದರು. ಹಾಗೇ ಉತ್ತರ ನಮಗೆ ಗೊತ್ತಿರುವ ಪ್ರಶ್ನೆಯನ್ನೇ ಕೇಳೋಣ, ಯಾರು ಸರಿ ಹೇಳುತ್ತಾರೆ ನೋಡೋಣ ಅಂದೆ. ಮೊಮ್ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಕಡಲೆಕಾಯಿ ಬೇರಿನಲ್ಲಿ ಬಿಡುತ್ತದಾ ಅಂತ ಕೇಳಿದೆ. ನಮ್ಮ ತಾಯಿ ಮನೆ ಮಾಗಡಿ ಕಡೆ, ಹೊಲದಲ್ಲಿ ಕಣ್ಣಾರೆ ನೋಡಿದ್ದೇನೆ: ಹೂವು ಮೇಲೇ ಬಿಟ್ಟು, ಅದರಿಂದ ಒಂದು ಸೂಜಿಯಂಥದು ಇಳಿದು ಮಣ್ಣಿಗೆ ಹೋಗಿ, ಅಲ್ಲಿ ಕಾಯಿ ಕಟ್ಟುತ್ತದೆ. ಆತುರದಮ್ಮ ಬೇರಿನಲ್ಲೇ ಅಂದಳು. ಅಂಗಡಿಯಣ್ಣ ಹುರಿದ ಕಡಲೆಕಾಯಿಯ ಪ್ಯಾಕೆಟ್ ತೋರಿಸಿದ. ಸಂಕೋಚದಕ್ಕನ ಪಟ್ಟಿಯಲ್ಲಿ ಮೂರನೇ ಸಾಲಿನ ಪುಟವನ್ನು ಮೊಮ್ಮಗಳು ತೆರೆದು ಓದಿದರೆ, ನಾನು ಹೊಲದಲ್ಲಿ ಕಂಡಿದ್ದೇ ಇತ್ತು. ಅವರೆಕಾಳು ಹಿಸುಕೋಕೆ ಎಷ್ಟು ಹೊತ್ತು ನೆನೆಸಬೇಕು ಅಂತ ಇನ್ನೊಂದು ದಿನ ಕೇಳಿದೆ. ಆತುರದಮ್ಮ ಒಂದು ಗಂಟೆ ಸಾಕು ಅಂದಳು. ಒಂದು ಗಂಟೆ ನೆನೆಸಿದ ಕಾಳನ್ನು ನೀನೇ ಬಂದು ಹಿಸುಕಮ್ಮ ಅಂತ ಫೋನಿಗೆ ಬೈದೆ. ಮೊಮ್ಮಗಳು ನಕ್ಕು ನಕ್ಕು ಉಸಿರು ಸಿಕ್ಕಿಸಿಕೊಂಡಳು.

ಆ ನಗು ಇನ್ನೂ ನಿಂತಿರಲಿಲ್ಲ. ಮೂರಕ್ಕೂ ಗೊತ್ತಿರದಂಥದು ಏನಾದರೂ ಕೇಳಜ್ಜಿ ಅಂದಳು. ನಾನು ತಲೆ ಎತ್ತಿದೆ, ಎದುರಿಗೆ ತೊಟ್ಟಿ ಕಂಡಿತು.

ನಮ್ಮ ಕಾಂಪೌಂಡ್ ಗೋಡೆಯಿಂದ ಒಂದು ಮಾರು ಆಚೆಗೆ, ರಸ್ತೆಯ ತಿರುವಿನಲ್ಲಿ ಒಂದು ಕಲ್ಲುತೊಟ್ಟಿ ಇದೆ. ಒಬ್ಬರು ಮಲಗುವಷ್ಟು ಉದ್ದ. ಜಟಕಾ ಗಾಡಿ ಓಡಾಡುತ್ತಿದ್ದ ಕಾಲದಲ್ಲಿ ಕುದುರೆಗಳು ಅದರಲ್ಲಿ ನೀರು ಕುಡಿಯುತ್ತಿದ್ದವು. ಈಗ ಅದರಲ್ಲಿ ಒಣಗಿದೆಲೆ ಬೀಳುತ್ತದೆ, ಡೆಲಿವರಿ ಹುಡುಗರು ಅದರ ಅಂಚಿನ ಮೇಲೆ ಕೂತು ಫೋನು ನೋಡುತ್ತಾರೆ. ಆ ತೊಟ್ಟಿ ಮಾಡಿಸಿದವರು ಯಾರು ಅಂತ ಕೇಳಿದೆ. ಮೂರೂ ಬೆಪ್ಪಾದವು. ಒಂದು ನೀರಿನ ಟ್ಯಾಂಕ್ ತೋರಿಸಿತು, ಒಂದು ಸಿಮೆಂಟಿನ ಹೂಕುಂಡ. ಮೊಮ್ಮಗಳು ಹೇಳಿದಳು: ಯಾರಾದರೂ ಬರೆದಿದ್ದರೆ ತಾನೇ ಅದಕ್ಕೆ ಸಿಗೋದು, ಯಾರೂ ಬರೆದಿಲ್ಲ, ಅಷ್ಟೆ. ಹಳೇ ಬೆಂಗಳೂರಿನ ಜಾಗಗಳ ಬಗ್ಗೆ ಯಾರು ಬೇಕಾದರೂ ಬರೆಯಬಹುದಾದ ಒಂದು ಪುಟ ಇದೆಯಂತೆ. ನೀನು ಹೇಳು ಅಜ್ಜಿ, ಹಾಕೋಣ ಅಂತ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

ಆಗ ಒಳಗಿನಿಂದ ಅವಳಿಗಿಟ್ಟ ಹಾಲು ಉಕ್ಕಿದ ವಾಸನೆ ಬಂತು. ಸ್ಟೌ ಆರಿಸಿ ಬರುತ್ತೇನೆ, ನೀನು ಹೇಳುತ್ತಿರು ಅಂತ ಓಡಿದಳು. ನಾನೂ ಫೋನೂ ಇಬ್ಬರೇ ಉಳಿದೆವು.

ನನಗೆ ಗೊತ್ತಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು. ನಮ್ಮ ಗೋಡೆಯ ಪಕ್ಕ ಒಬ್ಬ ಹೆಂಗಸು ಜಟಕಾ ಕುದುರೆಗಳಿಗೆ ಹುಲ್ಲು ಮಾರುತ್ತಿದ್ದಳಂತೆ. ಬಿಸಿಲಿನಲ್ಲಿ ನಿಂತ ಕುದುರೆಗಳ ಬಾಯಲ್ಲಿ ನೊರೆ ಬರುವುದು ನೋಡಲಾರದೆ, ಗೋಡೆಗೆ ಒತ್ತಿಕೊಂಡ ಹಾಗೆ ಒಂದು ತೊಟ್ಟಿ ಇಡಲು ಜಾಗ ಬಿಡಿ ಅಂತ ನಮ್ಮ ಯಜಮಾನರ ತಾತನನ್ನು ಕೇಳಿದಳಂತೆ. ಲದ್ದಿ, ನೊಣ, ಗಿರಾಕಿ ಬರುವುದಿಲ್ಲ ಅಂತ ಅವರು ಆಗೋದಿಲ್ಲ ಅಂದರು. ಆಕೆ ಒಂದು ಮಾರು ಆಚೆಗೆ ರಸ್ತೆಯ ಜಾಗದಲ್ಲಿ ಇರಿಸಿದಳು. ಕಲ್ಲುಕುಟಿಗನ ಎತ್ತುಗಳಿಗೆ ವರ್ಷವೆಲ್ಲಾ ಹುಲ್ಲು ಹಾಕಿ ಮಾಡಿಸಿಕೊಂಡ ತೊಟ್ಟಿ ಅದು. ನಮ್ಮ ಬಾವಿ ಹತ್ತು ಹೆಜ್ಜೆಯಲ್ಲಿತ್ತು. ಆಕೆ ಅದರ ಹತ್ತಿರ ಬರುವ ಹಾಗಿರಲಿಲ್ಲ. ಎಲ್ಲಿಂದಲೋ ಬಿಂದಿಗೆಯಲ್ಲಿ ಹೊತ್ತು ತಂದು ತುಂಬಿಸುತ್ತಿದ್ದಳು. ಯಾಕೆ ಬರುವ ಹಾಗಿರಲಿಲ್ಲ ಅಂತ ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕಡೆ ಅದು ಕೇಳದೆಯೇ ಗೊತ್ತಾಗುವ ವಿಷಯ.

ಇಷ್ಟು ಗೊತ್ತಿದ್ದೂ ನಾನು ಫೋನಿಗೆ ಹೇಳಿದ್ದೇನು? ಈ ತೊಟ್ಟಿಯನ್ನು ನಮ್ಮ ಯಜಮಾನರ ತಾತ, ಬೆಲ್ಲದ ವ್ಯಾಪಾರಿಗಳು, ಮೂಕಪ್ರಾಣಿಗಳ ಮೇಲಿನ ಕರುಣೆಯಿಂದ ಮಾಡಿಸಿದರು ಅಂತ ಅವರ ಹೆಸರು ಸಮೇತ ಹೇಳಿದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ದಿನವೂ ನಮ್ಮ ಮನೆಯ ಬಾವಿಯಿಂದಲೇ ನೀರು ತುಂಬಿಸುತ್ತಿದ್ದ ಪುಣ್ಯಾತ್ಮರು ಅಂತಲೂ ಸೇರಿಸಿದೆ. ಮೊಮ್ಮಗಳಿಗೆ ಒಳ್ಳೆಯ ವಂಶ ಸಿಕ್ಕಿದೆ ಅಂತ ತೋರಿಸುವ ಆಸೆ ಇತ್ತೋ, ಫೋನು ನನ್ನ ಮಾತನ್ನು ಅಕ್ಷರ ಮಾಡುತ್ತಾ ಹೋಗುವುದನ್ನು ನೋಡಿ ಹುರುಪು ಬಂತೋ, ಗೊತ್ತಿಲ್ಲ. ಹಾಲು ಇಳಿಸಿ ಬಂದ ಮೊಮ್ಮಗಳು ಓದಿ, ನಮ್ಮ ಮನೆಯವರೇ ಮಾಡಿಸಿದ್ದಾ ಅಂತ ಕಣ್ಣರಳಿಸಿದಳು. ಹೂಂ ಅಂದೆ. ತೊಟ್ಟಿಯ ಫೋಟೋ ತೆಗೆದು ಅದರ ಜೊತೆ ಹಾಕಿದಳು.

ಮೂರು ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಅವಳು ಸ್ಕೂಲಿನಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಫೋನು ತಂದಳು. ತೊಟ್ಟಿ ಯಾರದು ಅಂದರೆ ಆತುರದಮ್ಮ ದಪ್ಪಕ್ಷರದಲ್ಲಿ ಯಜಮಾನರ ತಾತನ ಹೆಸರು ಹೇಳುತ್ತಿದ್ದಳು. ಅಂಗಡಿಯಣ್ಣನೂ ಅದನ್ನೇ ಹೇಳಿದ. ಸಂಕೋಚದಕ್ಕನ ಪಟ್ಟಿಯಲ್ಲಿ ನಾವು ಬರೆದ ಪುಟದ ಜೊತೆಗೆ ಇನ್ನೂ ಎರಡು ಪುಟ. ಯಾರೋ ನನ್ನ ಮಾತನ್ನೇ ಚಂದ ಮಾಡಿ ಬರೆದುಕೊಂಡಿದ್ದರು. ಮೊಮ್ಮಗಳು ನೋಟ್‌ಬುಕ್ ತೆಗೆದು ದೊಡ್ಡದೊಂದು ಟಿಕ್ ಹಾಕಿದಳು. ನನಗೆ ಆಗ ಅತ್ತೆಯ ಮಾತು ನೆನಪಿಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಮೇಲೆ ಸಂತೋಷ ಬಂದು ಕೂತಿತು. ಆ ವಾರ ಮನೆಗೆ ಬಂದವರಿಗೆಲ್ಲ ಫೋನು ತೋರಿಸಿದೆ. ಎಷ್ಟು ಸಲ ತೋರಿಸಿದೆನೆಂದರೆ, ಕೊನೆಕೊನೆಗೆ ಅತ್ತೆ ಹೇಳಿದ್ದೇ ನನಗೆ ಕನಸಿನ ಹಾಗಾಗಿತ್ತು.

ಆಮೇಲೆ ನಮ್ಮ ಸುತ್ತಲ ಬಡಾವಣೆಗಳ ಸಂಘದವರು ಮಕ್ಕಳಿಗೆ ರಸಪ್ರಶ್ನೆ ಇಟ್ಟರು. ಶಂಕರಪುರಂನಲ್ಲಿ ಒಂದು ಹಾಲ್. ಪ್ರಶ್ನೆ ಕೇಳಿದವರು ನಿವೃತ್ತ ಮೇಷ್ಟ್ರು, ಬಹಳ ಸಂಭಾವಿತರು. ಕೊನೆಗೆ ಇಬ್ಬರು ಮಕ್ಕಳು ಸಮಸಮ ಉಳಿದರು. ಒಂದು ನನ್ನ ಮೊಮ್ಮಗಳು, ಇನ್ನೊಂದು ಮಾವಳ್ಳಿಯ ಒಂದು ಹುಡುಗಿ. ಅವಳೂ ಅದೇ ವಯಸ್ಸು, ಎರಡು ಜಡೆ. ಅವಳ ತಾತ ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದರು, ಬಿಳೀ ಷರ್ಟು, ಜೇಬಿನಲ್ಲಿ ಪೆನ್ನು. ಅವಳು ಒಂದೊಂದು ಉತ್ತರ ಹೇಳಿದಾಗಲೂ ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ಹಿಂದಿನಿಂದ ನೋಡುತ್ತಿದ್ದೆ. ನನ್ನ ಹಾಗೇ ಇನ್ನೊಂದು ಜೀವ ಅಂದುಕೊಂಡೆ.

ಕೊನೇ ಪ್ರಶ್ನೆ ತೊಟ್ಟಿಯದು.

ಮೊದಲು ಬೆಲ್ ಒತ್ತಿದ್ದು ಆ ಹುಡುಗಿ. ಎದ್ದು ನಿಂತು, ನಮ್ಮ ತಾತನ ಅಜ್ಜಿ, ಹುಲ್ಲು ಮಾರ್ತಿದ್ರು, ಅಂತ ಗಟ್ಟಿಯಾಗಿ ಹೇಳಿದಳು. ಹಾಲ್‌ನಲ್ಲಿ ಯಾರೋ ನಕ್ಕರು. ಮೇಷ್ಟ್ರು ಮೃದುವಾಗಿಯೇ ತಪ್ಪು ಅಂದರು. ನನ್ನ ಮೊಮ್ಮಗಳು ಎದ್ದು, ನಮ್ಮ ತಾತನ ತಾತ ಅಂತ ಹೆಸರು ಹೇಳಿದಳು. ಈಗ ಎಲ್ಲರೂ ನಕ್ಕರು, ಇಬ್ಬರೂ ತಮ್ಮ ತಮ್ಮ ಮನೆಗೇ ಎಳೆದುಕೊಂಡರಲ್ಲ ಅಂತ. ಮೇಷ್ಟ್ರು ಕೈ ತೋರಿಸಿ ಸುಮ್ಮನಾಗಿಸಿ, ಮನೆಯ ಮಾತಲ್ಲ, ನಾನೂ ಪರೀಕ್ಷೆ ಮಾಡಿಯೇ ಪ್ರಶ್ನೆ ಇಟ್ಟಿದ್ದೇನೆ ಅಂತ ಫೋನು ತೆಗೆದು ಮೈಕಿನಲ್ಲಿ ಓದಿದರು. ಮೂಕಪ್ರಾಣಿಗಳ ಮೇಲಿನ ಕರುಣೆಯಿಂದ. ದಿನವೂ ನಮ್ಮ ಮನೆಯ ಬಾವಿಯಿಂದಲೇ. ಪುಣ್ಯಾತ್ಮರು. ನಾನು ಕುಚ್ಚು ಕಟ್ಟುತ್ತಾ ಹೇಳಿದ ಮಾತು ಮೈಕಿನಲ್ಲಿ ನನ್ನ ಕಿವಿಗೇ ಬಂದು ಬಿತ್ತು. ಮುಂದಿನ ಸಾಲಿನ ಬಿಳೀ ಷರ್ಟಿನ ಬೆನ್ನು ನಿಧಾನವಾಗಿ ಬಾಗಿತು.

ಮೊಮ್ಮಗಳು ಗೆದ್ದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಇದನ್ನು ಬರೆಯದೆ ಬಿಟ್ಟುಬಿಡಬಹುದಿತ್ತು. ಯಾರೂ ನೋಡಿರಲಿಲ್ಲ. ಆದರೆ ತಟ್ಟಿದೆ, ಕೈ ಕೆಂಪಾಗುವ ಹಾಗೆ.

ಬಹುಮಾನ ದೊಡ್ಡದೊಂದು ಅಟ್ಲಾಸ್. ಅದನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಮೊಮ್ಮಗಳು, ಮೂರು ಕಡೆ ನೋಡಿಟ್ಟುಕೊಂಡಿದ್ದಕ್ಕೇ ಧೈರ್ಯವಾಗಿ ಹೇಳಿದೆ ಅಂತ ಸಂಭ್ರಮದಲ್ಲಿ ಹೇಳುತ್ತಿದ್ದಳು. ಆ ಹುಡುಗಿ ಪಾಪ ಅವರ ತಾತ ಹೇಳಿದ ಕಥೆ ನಂಬಿಕೊಂಡು ಬಂದಿದ್ದಳು, ಚೆಕ್ ಮಾಡಬೇಕಿತ್ತು ಅಂದಳು. ನಾನು ಹೂಂ ಅಂದೆ. ಎಷ್ಟು ಸುಲಭವಾಗಿ ಬರುತ್ತದೆ ನನಗೆ ಈ ಹೂಂ.

ಒಂದು ವಾರ ಹಾಗೇ ಕಳೆಯಿತು. ಮುಂದಿನ ಭಾನುವಾರ ಬೆಳಗ್ಗೆ ನಾನು ಒಳಗೆ, ವೆರಾಂಡದ ಕಡೆಯ ಕಿಟಕಿಯ ಹತ್ತಿರ ಸೊಪ್ಪು ಬಿಡಿಸುತ್ತಿದ್ದೆ. ತೊಟ್ಟಿಯ ಹತ್ತಿರ ಮಾತು ಕೇಳಿಸಿತು. ನೋಡಿದರೆ ಅದೇ ಹುಡುಗಿ, ಅವಳ ತಾತ. ಅವರು ತೊಟ್ಟಿಯ ಅಂಚಿನ ಮೇಲೆ ಕೈಯಾಡಿಸುತ್ತಾ, ಇಲ್ಲಿ ನೋಡು ಸವೆದಿದೆ, ಇಲ್ಲಿ ಬಿಂದಿಗೆ ಇಳಿಸುತ್ತಿದ್ದಳಂತೆ ಅಂತ ತೋರಿಸುತ್ತಿದ್ದರು. ಹುಡುಗಿ ನೋಡಲಿಲ್ಲ. ಅವಳ ಕೈಯಲ್ಲಿ ಫೋನಿತ್ತು.

"ಎಲ್ಲಾ ಕಡೆ ಬೇರೆ ಥರ ಬರ್ದಿದೆ ತಾತ," ಅಂದಳು. "ನೀನು ಸುಮ್ನೆ ನಂಗೋಸ್ಕರ ಮಾಡಿ ಹೇಳಿದ್ಯಾ?"

ಅವರು ಕಲ್ಲಿನ ಮೇಲಿದ್ದ ಕೈ ತೆಗೆದು, ನಡಿ ಕಂದ, ಬಿಸಿಲಾಯ್ತು ಅಂತ ಅವಳನ್ನು ಕರೆದುಕೊಂಡು ಹೋದರು. ಹುಡುಗಿ ಅವರ ಕೈ ಹಿಡಿದುಕೊಳ್ಳಲಿಲ್ಲ.

ಮಾಡಿ ಹೇಳಿದವಳು ಕಿಟಕಿಯ ಈಚೆ ಕೂತಿದ್ದೆ. ಬಾಗಿಲು ತೆಗೆದು ಕೂಗಿದ್ದರೆ ಸಾಕಿತ್ತು. ಏಳಲಿಲ್ಲ. ನನ್ನ ಮೊಮ್ಮಗಳು ನನ್ನನ್ನು ನಂಬಲಿ ಅಂತ ಇನ್ನೊಬ್ಬರ ಮೊಮ್ಮಗಳು ಅವರನ್ನು ನಂಬದ ಹಾಗೆ ಮಾಡಿದ್ದೆ. ಮಾಡಿದ್ದು ಗೊತ್ತಾದ ಮೇಲೂ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ನನಗೆ ಕುಚ್ಚು ಕಟ್ಟಲು ಬರಲಿಲ್ಲ, ಕಟ್ಟಿದ ಗಂಟೆಲ್ಲ ಜಾರುತ್ತಿದ್ದವು.

ಮಂಗಳವಾರ ಮೊಮ್ಮಗಳು ಸ್ಕೂಲಿನಿಂದ ಬಂದಾಗ ಎಲ್ಲ ಹೇಳಿದೆ. ಅತ್ತೆ ಹೇಳಿದ್ದು, ನಾನು ಹೇಳಿದ್ದು, ಬಾವಿಯ ವಿಷಯ, ಕಿಟಕಿಯ ವಿಷಯ. ಅವಳ ತಟ್ಟೆಯಲ್ಲಿ ದೋಸೆ ಇತ್ತು. ಅದನ್ನು ಮುಟ್ಟದೆ ಕೇಳಿಸಿಕೊಂಡಳು. ಯಾಕಜ್ಜಿ ಅಂದಳು. ಖುಷಿಯಲ್ಲಿ ಬಾಯಿಗೆ ಬಂತು ಅಂದೆ. ಅದು ಉತ್ತರವಲ್ಲ ಅಂತ ನನಗೇ ಕೇಳಿಸಿತು.

ಅವಳು ಎದ್ದು ನೋಟ್‌ಬುಕ್ ತಂದು ಆ ಟಿಕ್ ಹಾಕಿದ ಪುಟವನ್ನು ಬಹಳ ಹೊತ್ತು ನೋಡಿದಳು.

"ನಾನು ಮೂರು ಕಡೆ ನೋಡ್ದೆ ಅಜ್ಜಿ," ಅಂದಳು. "ಮೂರರಲ್ಲೂ ನೀನೇ ಇದ್ದೆ."

ಅವಳು ಅಳಲಿಲ್ಲ, ಕೂಗಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಎರಡು ದಿನ ವೆರಾಂಡಕ್ಕೆ ಬರಲಿಲ್ಲ. ಸೊಸೆ ಏನಾಯಿತು ಅತ್ತೆ ಅಂತ ಕೇಳಿದಳು, ಹೇಳಿದೆ. ಅವಳು ನನ್ನ ಮುಖ ನೋಡಿ, ಮಾಡಿರೋದನ್ನ ನೀವೇ ಸರಿ ಮಾಡ್ಬೇಕು ಅಂತ ಮಾತ್ರ ಅಂದು ಪಾತ್ರೆ ತೊಳೆಯಲು ಹೋದಳು. ಶುಕ್ರವಾರ ಸಂಜೆ ಮೊಮ್ಮಗಳು ಚಪ್ಪಲಿ ಹಾಕಿಕೊಂಡು, ಅಟ್ಲಾಸನ್ನು ಬಟ್ಟೆಯ ಬ್ಯಾಗಿನಲ್ಲಿ ಹಾಕಿಕೊಂಡು ಬಂದು ನಿಂತಳು. ಮೇಷ್ಟ್ರಿಗೆ ಫೋನು ಮಾಡಿ ಆ ಹುಡುಗಿಯ ಮನೆಯ ವಿಳಾಸ ತೆಗೆದುಕೊಂಡಿದ್ದಳು. ಹೊರಡು ಅಜ್ಜಿ ಅಂದಳು. ಹತ್ತು ವರ್ಷದ ಮಗು. ನಾಚಿಕೆಯಲ್ಲಿ ಕುಗ್ಗಿ ಹೋಗಿದ್ದರೂ ನನಗೆ ಆ ಗಳಿಗೆಯಲ್ಲೂ ಹೆಮ್ಮೆ ಉಕ್ಕಿ ಬಂತು. ಏನು ಮಾಡಲಿ, ನನ್ನ ಜಾಯಮಾನವೇ ಹಾಗೆ.

ಮಾವಳ್ಳಿಯಲ್ಲಿ ಚಿಕ್ಕ ಮಹಡಿ ಮನೆ, ಮೆಟ್ಟಿಲ ತುಂಬಾ ತುಳಸಿ, ದಾಸವಾಳದ ಕುಂಡ. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರಂತೆ. ಬನ್ನಿಮ್ಮಾ ಅಂತ ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ: ಆ ಪುಟದಲ್ಲಿರೋದು ನಾನು ಹೇಳಿದ್ದು, ಅದು ಸುಳ್ಳು, ನಿಮ್ಮ ಅಜ್ಜಿಯದೇ ತೊಟ್ಟಿ ಅಂತ ನಮ್ಮ ಮನೆಯಲ್ಲೂ ಗೊತ್ತಿತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಂಗೆ ಹೇಳೋದು ಬೇಡಮ್ಮಾ. ನಂಗೆ ಗೊತ್ತಿರೋದೇ," ಅಂದರು. "ಅವಳಿಗೆ ಹೇಳಿ."

ಹುಡುಗಿ ಒಳಬಾಗಿಲ ಹತ್ತಿರ ನಿಂತಿದ್ದಳು. ಎಪ್ಪತ್ತು ದಾಟಿದ ನಾನು ಹತ್ತು ವರ್ಷದ ಮಗುವಿನ ಎದುರು ಮೊಣಕಾಲೂರಿ ಕೂತೆ. ಕಾಲಿಗೆ ಬೀಳುವುದಕ್ಕಲ್ಲ, ಅವಳ ಮುಖ ನೋಡಿ ಹೇಳಬೇಕಿತ್ತು. ನಿಮ್ಮ ತಾತ ಹೇಳಿದ್ದು ನಿಜ, ಫೋನಿನಲ್ಲಿರೋದು ಸುಳ್ಳು, ಸುಳ್ಳು ಹೇಳಿದವಳು ನಾನು ಅಂದೆ. ಅವಳು ಸುಲಭಕ್ಕೆ ಒಪ್ಪುವ ಹುಡುಗಿಯಲ್ಲ. ನಿಮಗೆ ಹೇಗೆ ಗೊತ್ತು ಅಂತ ಕೇಳಿದಳು. ನಮ್ಮ ಅತ್ತೆ ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ಲದ್ದಿ, ನೊಣ, ಗಿರಾಕಿ. ಕಲ್ಲುಕುಟಿಗನ ಎತ್ತು. ಎತ್ತಿನ ಮಾತು ಬಂದಾಗ ಅವಳು ತಟ್ಟನೆ ತಾತನ ಕಡೆ ತಿರುಗಿದಳು. ಎತ್ತಿನ ವಿಷಯವನ್ನು ಅವರೂ ಹೇಳಿದ್ದರಂತೆ, ಪುಟದಲ್ಲಿ ಅದು ಎಲ್ಲೂ ಇರಲಿಲ್ಲ.

ನನ್ನ ಮೊಮ್ಮಗಳಿಗೆ ಅದು ನನಗಿಂತ ಮುಂಚೆ ಹೊಳೆಯಿತು. ಅವರ ಮನೆಯಲ್ಲಿ ಒಂದು ಕಡೆ, ನಮ್ಮ ಮನೆಯಲ್ಲಿ ಒಂದು ಕಡೆ, ಒಬ್ಬರನ್ನೊಬ್ಬರು ಕೇಳದೆ ಒಂದೇ ಮಾತು ಇಳಿದು ಬಂದಿದೆ, ಎರಡು ಕಡೆ ಅಂದರೆ ಇದು ಅಂತ ಆ ಹುಡುಗಿಗೆ ವಿವರಿಸಿದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ತಲೆಗೆ ತಲೆ ತಾಗಿಸಿ ಮಾತಿಗೆ ಬಿದ್ದರು. ಅಟ್ಲಾಸ್ ಅವರ ಮಧ್ಯೆ ಬಿತ್ತು. ಹುಡುಗಿ ಅದನ್ನು ಮೊದಲು ಬೇಡ ಅಂದಳು, ಆಮೇಲೆ ತೆಗೆದುಕೊಂಡಳು. ಅವಳ ತಾತನ ಬೆನ್ನು ನೆಟ್ಟಗಾಗಿತ್ತೋ ಇಲ್ಲವೋ ನನಗೆ ನೋಡುವ ಧೈರ್ಯ ಬರಲಿಲ್ಲ. ಆ ತಾಯಿಯ ಹೆಸರೇನು, ಪುಟದಲ್ಲಿ ತಿದ್ದಿ ಹಾಕಬೇಕು ಅಂತ ಕೇಳಿದೆ.

"ಹೆಸ್ರು ನಮಗೂ ಗೊತ್ತಿಲ್ಲಮ್ಮಾ," ಅಂದರು. "ಎಲ್ರೂ ಹುಲ್ಲವ್ವ ಅಂತಿದ್ರು. ಒಂದು ಫೋಟೋ ಇಲ್ಲ, ಕಾಗದ ಇಲ್ಲ. ಅವಳದು ಅಂತ ಇದ್ದಿದ್ದು ಅದೊಂದು ಕಲ್ಲು."

ಕಾಫಿ ಕೊಟ್ಟರು. ಕುಡಿದೆ. ನಮ್ಮ ಬಾವಿಯ ಹತ್ತಿರ ಬರಲಾಗದಿದ್ದವಳ ಮೊಮ್ಮಗ ನನಗೆ ಲೋಟ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮೇಷ್ಟ್ರಿಗೂ ಹೋಗಿ ಹೇಳಿದೆವು. ಅವರು ನನಗಿಂತ ಹೆಚ್ಚು ನಾಚಿಕೆಪಟ್ಟರು, ಆ ಹುಡುಗಿಯ ಮಾತಿಗೆ ನಕ್ಕವರನ್ನು ನಾನೂ ತಡೆಯಲಿಲ್ಲವಲ್ಲ ಅಂತ. ಸಂಘದ ಮುಂದಿನ ಸಭೆಯಲ್ಲಿ ತಪ್ಪಾಗಿದ್ದು ತಮ್ಮದು ಅಂತ ಹೇಳಲು ಹೊರಟಿದ್ದರು. ನಾನು ಬಿಡಲಿಲ್ಲ, ಮೈಕು ನನಗೇ ಕೊಡಿ ಅಂದೆ. ಮೂರು ವಾಕ್ಯ ಹೇಳುವಷ್ಟರಲ್ಲಿ ಮೈಕು ಕೀಚ್ ಅಂದಿತು. ಹಿಂದಿನ ಸಾಲಿನಲ್ಲಿ ನಮ್ಮ ಬಳಗದವರೇ ಇಬ್ಬರು ಎದ್ದು ಹೋದರು. ಮನೆಯ ಮರ್ಯಾದೆ ಬೀದಿಗೆ ತಂದಳು ಅಂತ ಆಮೇಲೆ ಆಡಿಕೊಂಡರಂತೆ. ತೊಟ್ಟಿ ಇರುವುದೂ ಬೀದಿಯಲ್ಲೇ.

ಪುಟವನ್ನು ಮಾವಳ್ಳಿಗೆ ಹೋದ ದಿನವೇ ತಿದ್ದಿದೆವು. ಈ ಸಲ ಇಬ್ಬರು ಹುಡುಗಿಯರೂ ಕೂತು ಬರೆದರು, ನಾನು ಬಾಯಿ ಬಿಡಲಿಲ್ಲ. ಆದರೆ ಹೇಳಿದಷ್ಟು ಬೇಗ ಅದು ಹಿಂದಕ್ಕೆ ಬರುವುದಿಲ್ಲ. ಸಂಕೋಚದಕ್ಕ ತಿದ್ದಿದ ಪುಟವನ್ನೇ ಮೇಲೆ ತೋರಿಸುತ್ತಾಳೆ. ಅಂಗಡಿಯಣ್ಣ ಒಂದು ದಿನ ಹಾಗೆ, ಒಂದು ದಿನ ಹೀಗೆ. ನನ್ನ ಸುಳ್ಳನ್ನು ಚಂದ ಮಾಡಿ ಬರೆದುಕೊಂಡವರು ಇನ್ನೂ ಅದನ್ನು ತೆಗೆದಿಲ್ಲ. ಒಬ್ಬ ಅದರ ಮೇಲೆ ಸಂಗೀತ ಹಾಕಿ ವಿಡಿಯೋ ಮಾಡಿದ್ದಾನೆ. ಅದನ್ನು ನೋಡಿಕೊಂಡು ಆತುರದಮ್ಮ ಈಗಲೂ ದಪ್ಪಕ್ಷರದಲ್ಲಿ ನಮ್ಮ ತಾತನ ಹೆಸರೇ ಹೇಳುತ್ತಾಳೆ. ಇದು ತಪ್ಪು ಅಂತ ತಿಳಿಸಲು ಕೆಳಗೆ ಒಂದು ಗುಂಡಿ ಇದೆ. ಪ್ರತಿ ಸೋಮವಾರ ಅದನ್ನು ಒತ್ತುತ್ತೇನೆ. ಕಾರಣ ಏನು ಅಂತ ಕೇಳುತ್ತದೆ. ನಾನೇ ಹೇಳಿದ್ದು ಅಂತ ಬರೆಯಲು ಅದರಲ್ಲಿ ಜಾಗವಿಲ್ಲ.

ಮೊಮ್ಮಗಳು ವೆರಾಂಡಕ್ಕೆ ಮತ್ತೆ ಬರುತ್ತಿದ್ದಾಳೆ. ಮೊದಲಿನಷ್ಟೇ ನಗುತ್ತಾಳೆ. ಆದರೆ ನಾನು ಹಳೇ ಕಾಲದ್ದು ಏನಾದರೂ ಹೇಳಿದರೆ, ಆಮೇಲೆ ಬೇರೆ ಯಾರನ್ನೋ ಕೇಳಿ ನೋಡುತ್ತಾಳೆ. ಮೊನ್ನೆ ನಮ್ಮ ಮದುವೆಯಲ್ಲಿ ಮಳೆ ಬಂದಿತ್ತು ಅಂದಿದ್ದನ್ನು ನನ್ನ ತಂಗಿಗೆ ಫೋನು ಮಾಡಿ ವಿಚಾರಿಸಿದಳಂತೆ. ನೋವಾಯಿತು, ಇಲ್ಲ ಅನ್ನುವುದಿಲ್ಲ. ಎಷ್ಟು ಜಾಣೆ ನೋಡು ಅಂತ ತಂಗಿಯ ಹತ್ತಿರ ಹೇಳಿಕೊಂಡೆ.

ಹೋದ ಭಾನುವಾರ ಹಳೇ ಬೀದಿಗಳನ್ನು ನೋಡಿಕೊಂಡು ನಡೆಯುವ ಕಾಲೇಜಿನ ಮಕ್ಕಳು ಐದಾರು ಜನ ತೊಟ್ಟಿಯ ಹತ್ತಿರ ನಿಂತರು. ಒಬ್ಬಳು ಫೋನು ನೋಡಿ ಉಳಿದವರಿಗೆ ಓದಿ ಹೇಳಲು ಶುರು ಮಾಡಿದಳು. ಕರುಣೆ, ಬಾವಿ, ಪುಣ್ಯಾತ್ಮರು. ನಾನು ಕೈಯಲ್ಲಿದ್ದ ಸೀರೆಯನ್ನು ಕುರ್ಚಿಯ ಮೇಲಿಟ್ಟು ಗೇಟು ತೆಗೆದೆ. ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಅವರು ಹೊರಟುಬಿಡುತ್ತಾರೇನೋ ಅಂತ ನಿಲ್ಲಿ ಮಕ್ಕಳೇ ಅಂತ ಕೂಗಿದೆ. ಅದು ತಪ್ಪು, ಈ ತೊಟ್ಟಿ ಹುಲ್ಲು ಮಾರುತ್ತಿದ್ದ ಒಬ್ಬ ತಾಯಿಯದು ಅಂದೆ. ಓದುತ್ತಿದ್ದ ಹುಡುಗಿ ಫೋನನ್ನೂ ನನ್ನನ್ನೂ ನೋಡಿ, ವಿನಯವಾಗಿಯೇ ಕೇಳಿದಳು.

"ಇಲ್ಲಿ ಹಾಗಿಲ್ವಲ್ಲ ಅಜ್ಜಿ. ಇದನ್ನ ಬರೆದೋರು ಯಾರೋ ಅವ್ರ ಮನೆಯವ್ರೇ ಇದ್ದ ಹಾಗಿದೆ."

"ಹೌದಮ್ಮ, ನಾನೇ," ಅಂದೆ. ಆಮೇಲೆ ಅವರನ್ನು ಕಲ್ಲಿನ ಹತ್ತಿರಕ್ಕೆ ಕರೆದು, ಅಂಚು ಸವೆದಿರುವ ಕಡೆ ಕೈಯಿಟ್ಟು ನೋಡಲು ಹೇಳಿ, ಮೊದಲಿನಿಂದ ಹೇಳತೊಡಗಿದೆ.